ಕೊಡಗಿನ ಡಾರ್ಮೌಸ್ ಡಾರ್ಮೌಸ್ ಅಲ್ಲ, ಲಾಲ್‌ಬಾಗಿನ ಅಳಿಲು ಅದರ ನೆಂಟ

ಈ ಕಾಯಿ ಮುಂದಿನ ಸಾಲಿಂದ ಶುರುವಾಗಿ ಕೈಯಿಂದ ಕೈಗೆ ಹೋಗ್ಲಿ, ಜೊತೆಗೆ ಈ ಲೆನ್ಸೂ ಹೋಗ್ಲಿ. ಹುಷಾರು, ತುಂಬಾ ಹಗುರ ಇದೆ, ಒಳಗೆ ತಿರುಳಿಲ್ಲ. ಇದು ಹೇಝಲ್‌ನಟ್. ಚಾಕೊಲೇಟ್ ಒಳಗೆ, ಡ್ರೈಫ್ರೂಟ್ ಅಂಗಡಿ ಡಬ್ಬದಲ್ಲಿ ನೋಡಿರ್ತೀರ, ಚಿಪ್ಪಿನ ಸಮೇತ ನೋಡಿರೋರು ಕಮ್ಮಿ. ನನ್ನ ಅಕ್ಕನ ಮಗಳು ಇಂಗ್ಲೆಂಡಲ್ಲಿ ಓದ್ತಿದ್ದಾಗ ಅಲ್ಲಿನ ಒಂದು ಕಾಡಲ್ಲಿ ನೆಲದ ಮೇಲೆ ಬಿದ್ದಿದ್ದನ್ನ ಆರಿಸಿ, ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ತಂದುಕೊಟ್ಟಿದ್ದು. ಮಾವನಿಗೆ ಬೇರೆ ಏನು ಕೊಟ್ಟರೂ ಇಷ್ಟು ಸಂತೋಷ ಆಗಲ್ಲ ಅಂತ ಅವಳಿಗೆ ಗೊತ್ತಿತ್ತು.

ಅದರಲ್ಲಿ ಒಂದು ದುಂಡು ತೂತಿದೆ, ನೋಡಿ. ಆ ತೂತಿನ ಒಳ ಅಂಚಿನ ಮೇಲೆ ಉಗುರು ಆಡಿಸಿ, ಬಳೆಯ ಒಳಮೈ ಥರ ನುಣ್ಣಗಿರುತ್ತೆ. ಈಗ ಲೆನ್ಸ್ ಹಿಡಿದು ತೂತಿನ ಸುತ್ತ, ಚಿಪ್ಪಿನ ಹೊರಮೈ ನೋಡಿ, ಅಲ್ಲಿ ಓರೆಯಾಗಿ ಸಣ್ಣ ಸಣ್ಣ ಗೀರು ಕಾಣುತ್ತೆ. ಅಂದ್ರೆ ಈ ಪ್ರಾಣಿ ಕಾಯಿನ ಎರಡೂ ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಾ ತಿರುಗಿಸ್ತಾ ಅಂಚನ್ನ ಕೆತ್ತಿದೆ. ಅಳಿಲಾಗಿದ್ರೆ ಕಾಯಿನ ಎರಡು ಹೋಳು ಮಾಡಿ ಬಿಸಾಡ್ತಿತ್ತು. ಕಾಡಿಲಿ ಆಗಿದ್ರೆ ತೂತಿನ ಅಂಚಲ್ಲೇ ನಾಣ್ಯದ ಅಂಚಿನ ಹಾಗೆ ಹಲ್ಲಿನ ಗುರುತು ಬಿಡ್ತಿತ್ತು. ಒಳಗೆ ನುಣುಪು, ಹೊರಗೆ ಓರೆ ಗೀರು, ಹೀಗಿದ್ರೆ ಅದು ಡಾರ್ಮೌಸ್ ಅನ್ನೋ, ಮರದ ಮೇಲೆ ಬದುಕೋ ಇಲಿಯಂಥ ಪುಟ್ಟ ಪ್ರಾಣಿಯ ಕೆಲಸ. 1993ರಲ್ಲಿ ಬ್ರಿಟನ್ನಿನಲ್ಲಿ ಸಾವಿರಾರು ಜನ, ಮಕ್ಕಳೂ ಸೇರಿ, ಕಾಡಲ್ಲಿ ಬಿದ್ದ ಇಂಥ ಚಿಪ್ಪುಗಳನ್ನ ಹುಡುಕಿ ಆರಿಸಿದ್ರು, ಈ ಪ್ರಾಣಿ ಇನ್ನೂ ಎಲ್ಲೆಲ್ಲಿ ಬದುಕಿದೆ ಅಂತ ಮ್ಯಾಪ್ ಮಾಡೋಕೆ. ರಾತ್ರಿ ಮಾತ್ರ ಓಡಾಡೋ, ಎಚ್ಚರ ಇರೋ ಕಾಲದಲ್ಲಿ ನೆಲಕ್ಕೆ ಇಳಿಯೋದೇ ಅಪರೂಪ ಇರೋ ಹೆಬ್ಬೆರಳು ಗಾತ್ರದ ಪ್ರಾಣಿನ ಹುಡುಕೋದಕ್ಕಿಂತ ಅದು ತಿಂದು ಬಿಸಾಡಿದ್ದನ್ನ ಹುಡುಕೋದು ಸುಲಭ ಅಲ್ವಾ. ನಮ್ಮ ಬಸವನಗುಡಿ ಕಡಲೆಕಾಯಿ ಪರಿಷೆ ಮುಗಿದ ಮಾರನೇ ದಿನ ಬೆಳಿಗ್ಗೆ ಬುಲ್ ಟೆಂಪಲ್ ರೋಡಲ್ಲಿ ನಡ್ಕೊಂಡು ಹೋದ್ರೆ ಎಷ್ಟು ಜನ ಎಲ್ಲಿ ನಿಂತು ತಿಂದಿದ್ರು ಅಂತ ಸಿಪ್ಪೆ ನೋಡಿ ಹೇಳಬಹುದು, ಹಾಗೇ ಇದೂ.

ಡಾರ್ಮೌಸ್‌ಗೆ ಕನ್ನಡದಲ್ಲಿ ಹೆಸರಿಲ್ಲ, ಯಾಕಂದ್ರೆ ಇದು ನಮ್ಮ ದೇಶದಲ್ಲೇ ಇಲ್ಲ. ಆದ್ರೆ ಇಂಗ್ಲಿಷ್ ಪುಸ್ತಕಗಳಲ್ಲಿ ಮಲಬಾರ್ ಸ್ಪೈನಿ ಡಾರ್ಮೌಸ್ ಅಂತ ಒಂದು ಪ್ರಾಣಿ ಬರುತ್ತೆ, ಅದು ನಮ್ಮ ಪಶ್ಚಿಮ ಘಟ್ಟದ್ದು, ಕೊಡಗಿನಿಂದ ತೆಂಕಣಕ್ಕೆ ತಮಿಳುನಾಡಿನ ಕಳಕ್ಕಾಡು ತನಕ ಇರೋದು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇವತ್ತು ನಾನು ಹೇಳೋಕೆ ಬಂದಿರೋ ಮಾತು ಇದೇ: ಕೊಡಗಿನ ಆ ಡಾರ್ಮೌಸ್ ಡಾರ್ಮೌಸೇ ಅಲ್ಲ, ಆದ್ರೆ ಈಗ ಈ ಕಿಟಕಿ ಆಚೆ ಗೋಡೆ ಮೇಲೆ ಓಡಾಡ್ತಿರೋ ಮೂರು ಗೆರೆಯ ಅಳಿಲು ಇದೆಯಲ್ಲ, ಅದು ನಿಜವಾದ ಡಾರ್ಮೌಸ್‌ಗೆ ಹತ್ತಿರದ ಸಂಬಂಧಿ. ಇದು ಹೇಗೆ ಗೊತ್ತಾಯ್ತು ಅನ್ನೋದು ದೊಡ್ಡ ಕಥೆ, ನಿಧಾನಕ್ಕೆ ಬರ್ತೀನಿ.

ಹೆಸರು ನಂಬಿ ಕೆಡೋದು ನಮಗೇನೂ ಹೊಸದಲ್ಲ. ಮುಳ್ಳುಹಂದಿ ಅಂತೀವಿ, ಅದು ಹಂದಿ ಅಲ್ಲ, ಇಲಿ ಅಳಿಲುಗಳಿರೋ ದಂಶಕ ಅನ್ನೋ ಗಣದ್ದು. ಮಲೆನಾಡಲ್ಲಿ ಹಾರುಬೆಕ್ಕು ಅಂತಾರೆ, ಅದು ಬೆಕ್ಕಲ್ಲ, ಮರದಿಂದ ಮರಕ್ಕೆ ತೇಲೋ ಅಳಿಲು. ಸೊಂಡಿಲಿ ಅಂತೀವಿ, ಹೆಸರಲ್ಲೇ ಇಲಿ ಇದೆ, ಆದ್ರೆ ಅದಕ್ಕೂ ಇಲಿಗೂ ಸಂಬಂಧ ಬಹಳ ದೂರ, ಅದು ಹುಳ ತಿನ್ನೋ ಬೇರೆ ಗುಂಪು. ಮೊಲ ನೋಡೋಕೆ ಪಕ್ಕಾ ದಂಶಕ ಥರ ಇದೆ, ಆದ್ರೆ ಅದರ ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲು ಅಡಗಿರುತ್ತೆ, ಹಾಗಾಗಿ ಅದರ ಗಣವೇ ಬೇರೆ. ನಮ್ಮ ಹಿರಿಯರು ತಪ್ಪು ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಅವರು ಕಂಡಿದ್ದನ್ನ ಕಂಡ ಹಾಗೆ ಹೆಸರಿಟ್ರು, ಮುಳ್ಳು ಇದೆ, ಹಂದಿ ಥರ ಗುಟುರು ಹಾಕುತ್ತೆ, ಮುಳ್ಳುಹಂದಿ, ಆಯ್ತು. ಹೆಸರು ಕರೆಯೋಕೆ, ಸಂಬಂಧ ಹುಡುಕೋದು ಬೇರೆ ಕೆಲಸ.

ದಂಶಕ, ಅಂದ್ರೆ ರೋಡೆಂಟ್ ಅಂದ್ರೆ ಏನು? ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲು, ಅಷ್ಟೇ. ಕೋರೆಹಲ್ಲು ಇಲ್ಲ, ಆ ಜಾಗ ಖಾಲಿ. ಆ ನಾಲ್ಕು ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ. ಮುಂದೆ ಗಟ್ಟಿ ಎನಾಮಲ್, ಹಿಂದೆ ಮೆದು, ಹಾಗಾಗಿ ಕಡೀತಾ ಕಡೀತಾ ಹಿಂಭಾಗ ಬೇಗ ಸವೆದು ಮುಂಭಾಗ ಬಡಗಿಯ ಉಳಿ ಥರ ಹರಿತ ಆಗುತ್ತೆ, ಸಾಣೆ ಹಿಡಿಯೋದೇ ಬೇಡ. ಈ ಒಂದು ಉಪಕರಣದಿಂದ ಈ ಗಣ ಎಷ್ಟು ಗೆದ್ದಿದೆ ಅಂದ್ರೆ ಸಸ್ತನಿಗಳ ಒಟ್ಟು ಪ್ರಭೇದಗಳಲ್ಲಿ ಸುಮಾರು 40 ಪರ್ಸೆಂಟ್ ದಂಶಕಗಳೇ. ಅದರಲ್ಲಿ ಡಾರ್ಮೌಸ್ ಕುಟುಂಬ, ಗ್ಲೈರಿಡೇ ಅಂತಾರೆ, ಸುಮಾರು 30 ಪ್ರಭೇದ ಅಷ್ಟೇ, 9 ಕುಲ. ಚಿಕ್ಕ ಮನೆ, ಆದ್ರೆ ಬಹಳ ಹಳೇ ಮನೆ. ಇವುಗಳ ಪಳೆಯುಳಿಕೆ ಯುರೋಪಲ್ಲಿ ಸುಮಾರು 5 ಕೋಟಿ ವರ್ಷ ಹಿಂದಿನ ಕಲ್ಲಲ್ಲಿ ಸಿಗುತ್ತೆ. ಅದಕ್ಕೂ ಬಹಳ ಆಮೇಲಿನ ಮಯೋಸೀನ್ ಅನ್ನೋ ಕಾಲದಲ್ಲಿ ಯುರೋಪಿನ ಕಾಡುಗಳಲ್ಲಿ ಇವುಗಳದ್ದೇ ಕಾರುಬಾರು. ಆಮೇಲೆ ಇಲಿಗಳ ದೊಡ್ಡ ಬಳಗ ಹಬ್ಬಿಕೊಳ್ತು, ಇವು ಕಮ್ಮಿ ಆದ್ವು. ಮಾಲ್ಟಾ, ಸಿಸಿಲಿ ದ್ವೀಪಗಳಲ್ಲಿ ಒಂದು ದೈತ್ಯ ಡಾರ್ಮೌಸೇ ಇತ್ತು, ಲೈಥಿಯಾ ಅಂತ, ಅದು ಹಿಮಯುಗದ ಕಾಲದ್ದು, ಈಗ ಇಲ್ಲ.

ಈಗ ಗೊಂದಲ ಎಲ್ಲಿಂದ ಶುರುವಾಯ್ತು ಹೇಳ್ತೀನಿ. ಪ್ರಾಣಿ ಸಸ್ಯಗಳಿಗೆಲ್ಲ ಎರಡು ಪದದ ಹೆಸರಿಡೋ ಪದ್ಧತಿ ಊರ್ಜಿತಕ್ಕೆ ತಂದ ಲಿನೇಯಸ್ 1758ರಲ್ಲಿ ಹೇಝಲ್ ಡಾರ್ಮೌಸ್‌ನ ಮುಸ್ ಅಂತ, ಅಂದ್ರೆ ಇಲಿ ಜೊತೆ ಸೇರಿಸಿದ. ಎಂಟು ವರ್ಷ ಆದ್ಮೇಲೆ, 1766ರಲ್ಲಿ, ದೊಡ್ಡ ಡಾರ್ಮೌಸ್‌ಗೆ ಹೆಸರಿಡೋವಾಗ ಅದನ್ನ ಸೈಯೂರಸ್ ಅಂತ ಅಳಿಲಿನ ಜೊತೆ ಹಾಕಿದ. ಒಬ್ಬನೇ ಮನುಷ್ಯ, ಒಂದೇ ಮನೆಯ ಇಬ್ಬರನ್ನ ಎರಡು ಬೇರೆ ಮನೆಗೆ ದತ್ತು ಕೊಟ್ಟ. ದೊಡ್ಡದು ಬೂದು ಬಣ್ಣ, ಪೊದೆ ಬಾಲ, ಅಳಿಲಿನ ಥರ ಕಾಣುತ್ತೆ. ಚಿಕ್ಕದು ಹೊಂಬಣ್ಣದ ಇಲಿ ಥರ. ಕಣ್ಣು ನಂಬಿದ್ರೆ ಹಾಗೇ ಆಗುತ್ತೆ.

ಆಮೇಲೆ ಬಂದೋರು ಕಣ್ಣು ಬಿಟ್ಟು ದವಡೆ ಹಿಡಿದ್ರು. ಎಲ್ಲರೂ ಒಂದು ಸಲ ಕಿವಿ ಮುಂದೆ ಕೆನ್ನೆ ಮೇಲೆ ಎರಡು ಬೆರಳಿಡಿ. ಈಗ ಕೋಡುಬಳೆ ಕಡಿಯೋ ಹಾಗೆ ಹಲ್ಲು ಕಚ್ಚಿ. ಒಂದು ಗಂಟು ಉಬ್ಬುತ್ತಲ್ಲ, ಅದು ಅಗಿಯೋ ಸ್ನಾಯು. ದಂಶಕಗಳಲ್ಲಿ ಈ ಸ್ನಾಯು ಮೂತಿ ಕಡೆಗೆ ಮುಂದಕ್ಕೆ ಸರಿದಿದೆ, ಕಡಿಯೋಕೆ ಜೋರು ಬೇಕಲ್ಲ. ಆದ್ರೆ ಮುಂದಕ್ಕೆ ಹೋಗಿರೋ ದಾರಿ ಬೇರೆ ಬೇರೆ. ಅಳಿಲಲ್ಲಿ ಹೊರಗಿನ ಪದರ ಕಣ್ಣಿನ ಮುಂದೆ ಮೂತಿ ಮೇಲೆ ಹತ್ತಿದೆ. ಮುಳ್ಳುಹಂದಿಯಲ್ಲಿ ಒಳಗಿನ ಪದರ ಕಣ್ಣಿನ ಕೆಳಗಿರೋ ಮೂಳೆಯ ಒಂದು ದೊಡ್ಡ ಕಿಂಡಿ ಒಳಗಿಂದ ತೂರಿ ಆಚೆ ಬಂದಿದೆ. ಇಲಿಯಲ್ಲಿ ಎರಡೂ ಆಗಿದೆ, ಒಂದು ಮೂತಿ ಮೇಲೆ, ಇನ್ನೊಂದು ಕಿಂಡಿಯಲ್ಲಿ. 1855ರಲ್ಲಿ ಬ್ರಾಂಟ್ ಅನ್ನೋ ವಿಜ್ಞಾನಿ ಇದನ್ನೇ ಆಧಾರ ಮಾಡ್ಕೊಂಡು ದಂಶಕಗಳನ್ನ ಅಳಿಲಿನ ಪಕ್ಷ, ಇಲಿ ಪಕ್ಷ, ಮುಳ್ಳುಹಂದಿ ಪಕ್ಷ ಅಂತ ಮೂರು ಭಾಗ ಮಾಡಿದ. ಇವತ್ತಿಗೂ ಪುಸ್ತಕಗಳಲ್ಲಿ ಆ ಹೆಸರುಗಳು ಉಳಿದಿವೆ.

ಡಾರ್ಮೌಸ್ ದವಡೆ ನೋಡಿದ್ರೆ ಇಲಿ ಥರಾನೇ ಇತ್ತು. ಸರಿ, ಇಲಿ ಪಕ್ಷ ಅಂತ ಬರೆದ್ರು, ನೂರು ವರ್ಷಕ್ಕೂ ಹೆಚ್ಚು ಅದೇ ಪಾಠ. ಆದ್ರೆ ಒಂದು ಮುಳ್ಳು ಚುಚ್ತಾನೇ ಇತ್ತು. ಆಫ್ರಿಕಾದ ಡಾರ್ಮೌಸ್‌ಗಳ ದವಡೆ ಇಲಿ ಥರ ಇಲ್ಲ, ಮುಳ್ಳುಹಂದಿ ಥರ ಕಿಂಡಿಯಿಂದ ಸ್ನಾಯು ತೂರೋದು! ಮಿಕ್ಕಿದ್ದೆಲ್ಲ ನೋಡಿದ್ರೆ ಅವು ಖಂಡಿತ ಡಾರ್ಮೌಸೇ. ಹಾಗಾದ್ರೆ ಒಂದೇ ಕುಟುಂಬದೊಳಗೆ ದವಡೆ ಎರಡು ಥರ ಇರೋದಾದ್ರೆ ದವಡೆ ನೋಡಿ ಕುಟುಂಬ ಹೇಳೋದು ಎಷ್ಟು ಸರಿ? ಆಮೇಲೆ ಡಿಎನ್ಎ ಬಂತು. ಬೇರೆ ಬೇರೆ ಜೀನ್ ತಗೊಂಡು ಬೇರೆ ಬೇರೆ ತಂಡದೋರು ನೋಡಿದಾಗಲೂ ಡಾರ್ಮೌಸ್ ಬಂದು ನಿಂತಿದ್ದು ಅಳಿಲಿನ ಪಕ್ಕದಲ್ಲಿ. ಈಗ ಆ ಪಂಗಡದಲ್ಲಿ ಮೂರೇ ಕುಟುಂಬ: ಅಳಿಲುಗಳು, ಉತ್ತರ ಅಮೆರಿಕದ ಪಶ್ಚಿಮ ಕರಾವಳಿ ಕಡೆಯ ಮೌಂಟನ್ ಬೀವರ್ ಅನ್ನೋ ಒಂಟಿ ಪ್ರಾಣಿ, ಮತ್ತೆ ನಮ್ಮ ಡಾರ್ಮೌಸ್‌ಗಳು. ಇಲಿ ಥರದ ದವಡೆ ಅವಕ್ಕೆ ಇಲಿಯಿಂದ ಬಂದಿದ್ದಲ್ಲ, ತಾವಾಗೇ ಮಾಡ್ಕೊಂಡಿದ್ದು. ಲಿನೇಯಸ್ 1766ರಲ್ಲಿ ಬಾಲ ನೋಡಿ ಇಟ್ಟ ಹೆಸರೇ ಕೊನೆಗೆ ಹತ್ತಿರ ಬಂತು, ಆದ್ರೆ ಬಾಲ ಅದಕ್ಕೆ ಕಾರಣ ಅಲ್ಲ. ಇದನ್ನ ನೆನಪಿಟ್ಕೊಳ್ಳಿ, ಕೊಡಗಿಗೆ ಹೋದಾಗ ಬೇಕಾಗುತ್ತೆ.

ಬೇಗ ಒಂದು ಸುತ್ತು ಹಾಕಿ ಬರೋಣ. ಅರ್ಧದಷ್ಟು ಪ್ರಭೇದ ಆಫ್ರಿಕಾದ್ದು, ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಗ್ರಾಫಿಯೂರಸ್ ಅನ್ನೋ ಒಂದೇ ಕುಲ. ಕೆಲವು ಮರದ ಮೇಲೆ, ಕೆಲವು ಬಂಡೆ ಸಂದಿಯಲ್ಲಿ, ಕೆಲವು ಹುಲ್ಲಿನ ಸೂರಿನ ಮನೆಗಳಲ್ಲಿ. ಯುರೋಪಲ್ಲಿ ಹೇಝಲ್ ಡಾರ್ಮೌಸ್, ದೊಡ್ಡ ಡಾರ್ಮೌಸ್, ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರೋ ಗಾರ್ಡನ್ ಡಾರ್ಮೌಸ್. ಬಲ್ಗೇರಿಯಾ, ಟರ್ಕಿ ಕಡೆ ಇಲಿ ಬಾಲದ್ದು ಒಂದಿದೆ, ಅದು ಹೆಚ್ಚಾಗಿ ನೆಲದ ಮೇಲೇ ಇರುತ್ತೆ. ಕಝಾಕಿಸ್ತಾನದ ಬೆಟ್‌ಪಾಕ್ ದಾಲಾ ಮರುಭೂಮಿಯಲ್ಲಿ ಒಂದು ಸಿಕ್ಕಿತು, 1939ರಲ್ಲಿ ಹೆಸರು ಬಿತ್ತು ಅದಕ್ಕೆ, ಸೆಲೆವಿನಿಯಾ ಅಂತ, ಹುಳ ಹುಪ್ಪಟೆ ತಿಂದು ಬದುಕುತ್ತೆ, ಕೂದಲು ಉದುರಿಸೋವಾಗ ಮೇಲಿನ ಚರ್ಮದ ಪದರದ ಸಮೇತ ತೇಪೆ ತೇಪೆಯಾಗಿ ಕಳಚುತ್ತೆ. ಚೀನಾದ ಸಿಚುವಾನ್ ಬೆಟ್ಟಗಳದ್ದು 1985ರ ತನಕ ವಿಜ್ಞಾನಕ್ಕೆ ಗೊತ್ತೇ ಇರಲಿಲ್ಲ. ಭಾರತಕ್ಕೆ ಹತ್ತಿರದ್ದು ಅಂದ್ರೆ ಪಾಕಿಸ್ತಾನದ ಬಲೂಚಿಸ್ತಾನ, ಅಲ್ಲಿ ಜಿಯಾರತ್‌ನ ಹಳೇ ಜೂನಿಪರ್ ಕಾಡಲ್ಲಿ ಒಂದು ಪ್ರಭೇದ ಇದೆ.

ಜಪಾನಿನದ್ದಕ್ಕೆ ಸ್ವಲ್ಪ ನಿಲ್ಲಬೇಕು. ಅದಕ್ಕೆ ಅವರು ಯಮಾನೆ ಅಂತಾರೆ. ಬೆನ್ನ ಮೇಲೆ ಉದ್ದಕ್ಕೆ ಒಂದೇ ಕಪ್ಪು ಗೆರೆ, ನಮ್ಮ ಅಳಿಲಿಗೆ ಮೂರು ಬಿಳಿ ಗೆರೆ ಇದ್ದ ಹಾಗೆ. ಅದು ಕೊಂಬೆ ಮೇಲೆ ನಡೆಯೋದಕ್ಕಿಂತ ಕೊಂಬೆ ಕೆಳಗೆ ತಲೆಕೆಳಗಾಗಿ ಓಡುತ್ತೆ, ಅದೂ ಒಳ್ಳೇ ಸ್ಪೀಡಲ್ಲಿ. ಜಪಾನ್ ಸರ್ಕಾರ 1975ರಲ್ಲೇ ಅದನ್ನ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿದೆ, ಒಂದು ಪ್ರಾಣಿನ, ದೇವಸ್ಥಾನ ಕೋಟೆಗಳ ಹಾಗೆ. ಯಮನಾಶಿ ಪ್ರಾಂತ್ಯದಲ್ಲಿ ರಸ್ತೆ ಮೇಲೆ ಯಮಾನೆ ದಾಟೋಕೆ ಅಂತಲೇ ಸೇತುವೆ ಕಟ್ಟಿದ್ದಾರೆ. ಇದು ಕೇಳಿದಾಗ ನನಗೆ ನಮ್ಮ ಕಾಡುಪಾಪ ನೆನಪಾಗುತ್ತೆ. ಬೆಂಗಳೂರಲ್ಲಿ, ಐಐಎಸ್‌ಸಿ ಕ್ಯಾಂಪಸ್ಸಲ್ಲಿ, ಇವತ್ತಿಗೂ ಕಾಡುಪಾಪಗಳಿವೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೂ ಕೊಂಬೆಗೆ ಕೊಂಬೆ ತಾಗಿರಬೇಕು, ಹಾರೋಕೆ ಬರಲ್ಲ. ಮಧ್ಯದಲ್ಲಿ ಎರಡು ಮರ ಕಡಿದು ಕಾರ್ ಪಾರ್ಕಿಂಗ್ ಮಾಡಿದ್ರೆ ನಮಗೆ ಎರಡು ಮರ ಹೋಯ್ತು ಅಷ್ಟೇ, ಅದಕ್ಕೆ ರಸ್ತೆಯೇ ಮುಚ್ಚಿಹೋಯ್ತು. ಹೇಝಲ್ ಡಾರ್ಮೌಸ್‌ದೂ ಇದೇ ಕಷ್ಟ.

ಕಾಯಿ ಈಗ ಎಲ್ಲಿಗೆ ಬಂತು? ಹಾಂ, ಹಿಂದಿನ ಸಾಲಿಗೆ ಕೊಡಿ. ಅದನ್ನ ಕಡಿದ ಪ್ರಾಣಿ ಎಷ್ಟು ತೂಕ ಇರುತ್ತೆ ಗೊತ್ತಾ? ಜೇಬಲ್ಲಿ ಹಳೇ ದಪ್ಪ ಐದು ರೂಪಾಯಿ ನಾಣ್ಯ ಇದ್ರೆ ಎರಡು ತೆಗೆದು ಅಂಗೈ ಮೇಲಿಡಿ. ಒಂದೊಂದು 9 ಗ್ರಾಂ, ಎರಡು ಸೇರಿ 18. ಬೇಸಿಗೆಯಲ್ಲಿ ಹೇಝಲ್ ಡಾರ್ಮೌಸ್ ಅಷ್ಟೇ ಭಾರ. ಚಳಿಗಾಲದ ಮುಂಚೆ ತಿಂದು ತಿಂದು ಅದರ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಬಾಲ ಮೊಟಕಾದ ಬ್ರಷ್ ಥರ ಪೂರ್ತಿ ಕೂದಲು, ಕಣ್ಣು ಕಪ್ಪು ಮಣಿ. ಶತ್ರು ಬಾಲ ಹಿಡಿದ್ರೆ ಬಾಲದ ಚರ್ಮ ಕಾಲುಚೀಲ ಕಳಚಿದ ಹಾಗೆ ಕಳಚಿ ಶತ್ರು ಬಾಯಲ್ಲಿ ಉಳಿಯುತ್ತೆ, ಪ್ರಾಣಿ ಓಡಿಹೋಗುತ್ತೆ.

ಇದರ ಇಡೀ ಜೀವನ ಹೊಟ್ಟೆಯಲ್ಲಿ ಇಲ್ಲದಿರೋ ಒಂದು ಅಂಗದ ಮೇಲೆ ನಿಂತಿದೆ. ಬೇರೆ ದಂಶಕಗಳಲ್ಲಿ ಹೆಚ್ಚಿನವಕ್ಕೆ ಸಣ್ಣ ಕರುಳು ದೊಡ್ಡ ಕರುಳು ಸೇರೋ ಕಡೆ ಸೀಕಮ್ ಅನ್ನೋ ಚೀಲ ಇರುತ್ತೆ, ಅದರಲ್ಲಿ ಬ್ಯಾಕ್ಟೀರಿಯಾ ಸೇರ್ಕೊಂಡು ಎಲೆ, ಹುಲ್ಲು, ನಾರು ಎಲ್ಲ ಕೊಳೆಸಿ ಅರಗಿಸುತ್ತೆ, ದೋಸೆ ಹಿಟ್ಟು ಹುಳಿ ಬರೋ ಹಾಗೆ ಅಂದ್ಕೊಳ್ಳಿ. ಡಾರ್ಮೌಸ್‌ಗೆ ಆ ಚೀಲವೇ ಇಲ್ಲ. ಅಂದ್ರೆ ಸುತ್ತ ಮುತ್ತ ಹಸಿರೋ ಹಸಿರು ಇದ್ರೂ ಆ ಎಲೆ ಅದಕ್ಕೆ ಊಟ ಅಲ್ಲ. ವಸಂತದಲ್ಲಿ ಎದ್ದಾಗ ಮುಳ್ಳುಗಿಡಗಳ ಹೂವು, ಓಕ್ ಮರದ ಹೂಗೊಂಚಲು, ಹನಿಸಕಲ್ ಬಳ್ಳಿಯ ಮಕರಂದ, ಪರಾಗ. ಹೂವು ಮುಗೀತು, ಹಣ್ಣು ಇನ್ನೂ ಬಂದಿಲ್ಲ, ಆ ಮಧ್ಯದ ಕೆಲವು ವಾರ ಬಹಳ ಕಷ್ಟ, ಆಗ ಕಂಬಳಿಹುಳ, ಗಿಡದ ಹೇನು. ಆಮೇಲೆ ಬ್ಲ್ಯಾಕ್‌ಬೆರಿ, ಕೊನೆಗೆ ಹೇಝಲ್ ಕಾಯಿ. ಒಂದಾದ್ಮೇಲೆ ಒಂದು ಸಿಗ್ತಾ ಇರಬೇಕು, ಅದೂ ಒಂದು ರಾತ್ರಿಯಲ್ಲಿ ಓಡಾಡೋಕೆ ಆಗೋವಷ್ಟು ದೂರದೊಳಗೆ, ಮರದ ಮೇಲಿನ ದಾರಿಯಲ್ಲೇ. ಹತ್ತು ಥರದ ಗಿಡ ಇರೋ ಕಾಡು ಬೇಕು ಅದಕ್ಕೆ. ಒಂದೇ ಜಾತಿ ಮರ ಸಾಲು ಸಾಲಾಗಿ ನೆಟ್ಟ ಪ್ಲಾಂಟೇಶನ್ ನೋಡೋಕೆ ಕಾಡು, ಅದರ ಪಾಲಿಗೆ ಮೂರು ವಾರದ ಊಟ, ಮಿಕ್ಕಿದ್ದೆಲ್ಲ ಉಪವಾಸ. ನಮ್ಮಲ್ಲಿ ಅಕೇಶಿಯಾ ನೀಲಗಿರಿ ನೆಟ್ಟು ಕಾಡು ಬೆಳೆಸಿದ್ವಿ ಅಂತಾರಲ್ಲ, ಆ ಮಾತು ಕೇಳಿದಾಗೆಲ್ಲ ನನಗೆ ಈ ಚೀಲ ಇಲ್ಲದ ಹೊಟ್ಟೆ ನೆನಪಾಗುತ್ತೆ.

ಬ್ರಿಟನ್ನಲ್ಲಿ ಮೊದಲು ಹೇಝಲ್ ಗಿಡನ ಬುಡಕ್ಕೆ ಕಡಿದು ಮತ್ತೆ ಚಿಗುರೋಕೆ ಬಿಡೋ ಪದ್ಧತಿ ಇತ್ತು, ಬೇಲಿ ಗಳಕ್ಕೆ, ಬುಟ್ಟಿಗೆ, ಸೌದೆಗೆ. ಸರದಿ ಮೇಲೆ ಕಡೀತಿದ್ರಿಂದ ಕಾಡಲ್ಲಿ ಎಲ್ಲ ವಯಸ್ಸಿನ ಪೊದೆ ಇರ್ತಿತ್ತು, ಬಿಸಿಲು ಒಳಗೆ ಬರ್ತಿತ್ತು. ಪ್ಲಾಸ್ಟಿಕ್, ಗ್ಯಾಸ್ ಬಂತು, ಆ ಕೆಲಸ ನಿಂತುಹೋಯ್ತು, ಕಾಡು ಕತ್ತಲಾಯ್ತು, ಪೊದೆ ಸತ್ತವು. ಮನುಷ್ಯ ಕಡಿಯೋದು ನಿಲ್ಲಿಸಿದ್ದಕ್ಕೆ ಒಂದು ಕಾಡುಪ್ರಾಣಿ ಕಮ್ಮಿ ಆಯ್ತು ಅನ್ನೋದು ಕೇಳೋಕೆ ವಿಚಿತ್ರ, ಆದ್ರೆ ನಿಜ. ಈಗ ಅಲ್ಲಿನ ಸಂಸ್ಥೆಗಳು ಹಳೇ ಪದ್ಧತಿ ಮತ್ತೆ ಶುರು ಮಾಡಿವೆ, 1993ರಿಂದ ಸಾಕಿದ ಡಾರ್ಮೌಸ್‌ಗಳನ್ನ ಕಾಡಿಗೆ ಬಿಡೋ ಕೆಲಸನೂ ನಡೀತಿದೆ.

ನಿದ್ದೆ ವಿಷಯ ನೀವೆಲ್ಲ ಕಾಯ್ತಿದ್ದೀರ ಅಂತ ಗೊತ್ತು. ಕುಂಭಕರ್ಣನಿಗೆ ಆರು ತಿಂಗಳು. ದೊಡ್ಡ ಡಾರ್ಮೌಸ್‌ಗೆ ಜರ್ಮನ್ ಭಾಷೆಯಲ್ಲಿರೋ ಹೆಸರಿನ ಅರ್ಥವೇ ಏಳು ನಿದ್ದೆಯೋನು, ಏಳು ತಿಂಗಳು ಮಲಗುತ್ತೆ ಅಂತ. ಹೇಝಲ್ ಡಾರ್ಮೌಸ್ ಅಕ್ಟೋಬರ್ ನವೆಂಬರ್‌ನಲ್ಲಿ ಮರದಿಂದ ಇಳಿದು, ನೆಲದ ಮೇಲೆ ತರಗೆಲೆ, ಪಾಚಿ ಕೆಳಗೆ ಕ್ರಿಕೆಟ್ ಬಾಲಿಗಿಂತ ಚಿಕ್ಕ ಗೂಡು ಮಾಡಿ, ಬಾಲನ ಮುಖದ ಮೇಲೆ ಮಡಚಿಕೊಂಡು ಉಂಡೆ ಆಗುತ್ತೆ. ಇದು ನಮ್ಮ ನಿದ್ದೆ ಅಲ್ಲ. ಮೈ ಬಿಸಿ ಹೊರಗಿನ ನೆಲದ ತಣ್ಣಗಿನ ಮಟ್ಟಕ್ಕೆ ಇಳಿಯುತ್ತೆ, ಉಸಿರು, ಎದೆಬಡಿತ ಇದೆಯೋ ಇಲ್ಲವೋ ಅನ್ನೋ ಹಾಗಾಗುತ್ತೆ, ಕೈಗೆ ತಗೊಂಡ್ರೆ ತಣ್ಣಗಿನ ಕಲ್ಲು. ಒಲೆ ಆರಿಸದೆ ಕೆಂಡಕ್ಕೆ ಬೂದಿ ಮುಚ್ಚಿ ಇಡ್ತಿದ್ರಲ್ಲ ನಮ್ಮಜ್ಜಿಯರು, ಹಾಗೆ. ಮಧ್ಯ ಮಧ್ಯ ಒಂದೊಂದು ಸಲ ಎಚ್ಚರ ಆಗುತ್ತೆ, ಹಾಗೆ ಎದ್ದಾಗಲೆಲ್ಲ ಮೈ ಬಿಸಿ ಮಾಡ್ಕೊಳ್ಳೋಕೆ ಕೂಡಿಟ್ಟ ಕೊಬ್ಬು ಖರ್ಚಾಗುತ್ತೆ. ಚಳಿಗಾಲ ಬೆಚ್ಚಗಾದಷ್ಟೂ ಎಚ್ಚರ ಜಾಸ್ತಿ, ಖರ್ಚು ಜಾಸ್ತಿ, ಎದ್ರೆ ಹೊರಗೆ ತಿನ್ನೋಕೆ ಏನೂ ಇಲ್ಲ. ಚಳಿ ಕಮ್ಮಿಯಾದ್ರೆ ಪ್ರಾಣಿಗೆ ಸುಖ ಅಂದ್ಕೋತೀವಿ, ಇದಕ್ಕೆ ಅದೇ ಅಪಾಯ.

ದೊಡ್ಡ ಡಾರ್ಮೌಸ್‌ದು ಇನ್ನೂ ಆಶ್ಚರ್ಯ. ಬೀಚ್ ಅನ್ನೋ ಮರ ಎಲ್ಲಾ ವರ್ಷ ಕಾಯಿ ಬಿಡಲ್ಲ. ಮಾವು ಒಂದು ವರ್ಷ ಸುರೀತು, ಮುಂದಿನ ವರ್ಷ ಕೈ ಕೊಡ್ತು ಅಂತಾರಲ್ಲ ರೈತರು, ಅದು ಹಾಗೇ. ನಮ್ಮ ಬಿದಿರು ಹೂ ಬಿಟ್ಟು ಬೀಜ ಸುರಿದಾಗ ಇಲಿಗಳೂ ಹುಚ್ಚೆದ್ದು ಹುಟ್ತವೆ, ಆದ್ರೆ ಅವು ಬೀಜ ಬಿದ್ಮೇಲೆ ಹೆಚ್ಚಾಗೋದು. ದೊಡ್ಡ ಡಾರ್ಮೌಸ್ ಹಾಗಲ್ಲ, ಕಾಯಿ ಇನ್ನೂ ಬಲಿಯೋ ಮುಂಚೇನೇ ಈ ವರ್ಷ ಫಸಲು ಇದೆಯೋ ಇಲ್ಲವೋ ಅಂತ ಮೊಗ್ಗು, ಹೂವು, ಎಳೆಕಾಯಿ ತಿನ್ನೋವಾಗಲೇ ಅದರ ದೇಹಕ್ಕೆ ಗೊತ್ತಾಗುತ್ತೆ. ಫಸಲಿಲ್ಲ ಅಂದ್ರೆ ಆ ವರ್ಷ ಮರಿಯೇ ಹಾಕಲ್ಲ, ಗಂಡಿಗೂ ಬೆದೆ ಬರಲ್ಲ. ಸ್ವಲ್ಪ ಕೊಬ್ಬು ಇದ್ರೆ ಸಾಕು, ವಾಪಸ್ ಮಣ್ಣೊಳಗೆ ಹೋಗಿ ಮಲಗಿಬಿಡುತ್ತೆ. ವಿಯೆನ್ನಾದ ಸಂಶೋಧಕರು 11 ತಿಂಗಳಿಗೂ ಹೆಚ್ಚು ಮಲಗಿದ್ದನ್ನ ದಾಖಲು ಮಾಡಿದ್ದಾರೆ. ನೆಲದೊಳಗೆ ಇದ್ರೆ ಗೂಬೆ ಕಾಟ ಇಲ್ಲ ನೋಡಿ. ಹೀಗೆ ವರ್ಷಗಳನ್ನ ಬಿಟ್ಟು ಬಿಟ್ಟು ಬದುಕೋದ್ರಿಂದ ಇದು 12 ವರ್ಷ ತನಕ ಬಾಳುತ್ತೆ. ನಮ್ಮ ಮನೆ ಇಲಿಗೆ ಒಂದೆರಡು ವರ್ಷ ಬಾಳಿದ್ರೆ ಹೆಚ್ಚು.

ಈ ದೊಡ್ಡ ಡಾರ್ಮೌಸ್‌ನ ರೋಮನ್ನರು ತಿಂತಿದ್ರು. ಗುಡಾಣದಂಥ ಮಣ್ಣಿನ ಪಾತ್ರೆ, ಒಳಗೆ ಗೋಡೆಗೆ ಅಂಟಿಕೊಂಡ ಹಾಗೆ ಮೆಟ್ಟಿಲು, ಗಾಳಿಗೆ ತೂತು, ಮೇಲೆ ಮುಚ್ಚಳ, ಕತ್ತಲಲ್ಲಿಟ್ಟು ಆಕ್ರೋಟು, ಓಕ್ ಕಾಯಿ ಹಾಕಿ ಕೊಬ್ಬಿಸ್ತಿದ್ರು. ಕತ್ತಲಾದ್ರೆ ಇದಕ್ಕೆ ಮಲಗೋ ಕಾಲ ಬಂತು ಅನ್ಸುತ್ತೆ, ತಿಂತಾ ಹೋಗುತ್ತೆ. ಶ್ರೀಮಂತರ ಆಡಂಬರ ಅತಿಯಾಯ್ತು ಅಂತ ಕ್ರಿಸ್ತಪೂರ್ವ 115ರಲ್ಲಿ ಕಾನೂನು ಮಾಡಿ ನಿಲ್ಲಿಸೋಕೂ ನೋಡಿದ್ರು. ಸ್ಲೊವೇನಿಯಾದಲ್ಲಿ ಇವತ್ತಿಗೂ ಶರತ್ಕಾಲದಲ್ಲಿ ಇದರ ಬೇಟೆ ಒಂದು ಹಬ್ಬದ ಥರ ನಡೆಯುತ್ತೆ. ಇಂಗ್ಲೆಂಡಿಗೆ ಇದನ್ನ 1902ರಲ್ಲಿ ವಾಲ್ಟರ್ ರಾತ್‌ಚೈಲ್ಡ್ ತನ್ನ ಟ್ರಿಂಗ್ ಎಸ್ಟೇಟಿಗೆ ತಂದ, ತಪ್ಪಿಸಿಕೊಂಡ್ವು, ಈಗ ಆ ಸುತ್ತಿನ ಮನೆಗಳ ಅಟ್ಟದಲ್ಲಿ ಸೇರ್ಕೊಂಡು ವೈರ್ ಕಡೀತವೆ. ಬೆಂಗಳೂರಲ್ಲಿ ಹೆಗ್ಗಣ ಕಾರಿನ ವೈರ್ ಕಡಿದು ಮೆಕ್ಯಾನಿಕ್ ಹತ್ರ ಹೋಗಿರೋರಿಗೆ ಆ ಸಂಕಟ ಅರ್ಥ ಆಗುತ್ತೆ.

ಈಗ ಕೊಡಗು. 1859ರಲ್ಲಿ ಕಲ್ಕತ್ತಾದಲ್ಲಿ ಏಷಿಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡ್ಕೊಳ್ತಿದ್ದ ಬ್ಲೈತ್ ಅವರಿಗೆ ತಿರುವಾಂಕೂರಿನ ಅಲೆಪ್ಪಿ ಕಡೆಯಿಂದ ಒಂದು ಪ್ರಾಣಿ ಬಂತು. ಕಂದು ಬಣ್ಣ, ಬೆನ್ನ ಮೇಲೆ ಕೂದಲಿನ ಮಧ್ಯ ಚಪ್ಪಟೆ ಮುಳ್ಳುಗಳು, ಬಾಲದ ತುದಿ ಬಾಟಲಿ ತೊಳೆಯೋ ಬ್ರಷ್ ಥರ ಪೊದೆ, ತುದಿ ಬಿಳಿ. ಪ್ಲಾಟಕ್ಯಾಂಥೊಮಿಸ್ ಲಾಸಿಯೂರಸ್ ಅಂತ ಹೆಸರಿಟ್ರು, ಚಪ್ಪಟೆ ಮುಳ್ಳಿನ, ಪೊದೆ ಬಾಲದ ಇಲಿ ಅಂತ ಅರ್ಥ. ಕಳಿಸಿದೋರು ಬೇಕರ್ ಅನ್ನೋ ಪಾದ್ರಿ. ಅವರು ಬರೆದ ವಿವರ ಓದೋಕೆ ಬಹಳ ಚೆನ್ನಾಗಿದೆ. ಘಟ್ಟದ ಎತ್ತರದ ಕಣಿವೆಗಳಲ್ಲಿ ಭಾರೀ ಹಳೇ ಮರಗಳಲ್ಲಿ ಮಾತ್ರ ಪೊಟರೆ ಮಾಡಿ, ಎಲೆ ಪಾಚಿ ತುಂಬಿ ವಾಸ ಮಾಡುತ್ತೆ, ಹಣ್ಣಾದ ಮೆಣಸು ತುಂಬಾ ತಿನ್ನೋದ್ರಿಂದ ಬೆಟ್ಟದ ಜನ ಮೆಣಸಿನ ಇಲಿ ಅಂತಾರೆ, ಹಲಸು ಹೆಬ್ಬಲಸಿಗೂ ಬೀಳುತ್ತೆ, ಬೈನೆ ಮರಕ್ಕೆ ಕಟ್ಟಿದ ಹೆಂಡದ ಮಡಕೆಯ ಮುಚ್ಚಳ ಕೊರೆದು ಒಳಗಿಳಿದು ಕುಡಿಯುತ್ತೆ, ಎರಡನ್ನ ಹಾಗೆ ಅರ್ಧ ಮುಳುಗಿದ್ದಾಗಲೇ ಮಡಕೆ ಸಮೇತ ತಂದುಕೊಟ್ರು, ಒಂದೇ ಬೆಳಿಗ್ಗೆ ಹದಿನಾರು ಸಿಕ್ಕವು ಅಂತೆಲ್ಲ.

ಪೊದೆ ಬಾಲ, ಮರದ ಪೊಟರೆ, ರಾತ್ರಿ ಸಂಚಾರ, ದವಡೆಹಲ್ಲಿನ ಮೇಲೆ ಅಡ್ಡ ಅಡ್ಡ ಏಣುಗಳು. ಎಲ್ಲಾ ಡಾರ್ಮೌಸ್‌ಗೆ ಹೊಂದುತ್ತೆ, ಹಾಗಾಗಿ ಮುಳ್ಳಿನ ಡಾರ್ಮೌಸ್ ಅನ್ನೋ ಹೆಸರು ಬಿತ್ತು. ಆದ್ರೆ ಹಲ್ಲು ಎಣಿಸಿ. ಡಾರ್ಮೌಸ್‌ಗೆ ಸಾಮಾನ್ಯವಾಗಿ 20. ಇದಕ್ಕೆ 16, ಮನೆ ಇಲಿಗೆ ಇರೋಷ್ಟೇ. ದವಡೆಹಲ್ಲಿನ ಮುಂದಿನ ಆ ನಾಲ್ಕು ಚಿಕ್ಕ ಹಲ್ಲು ಇಲ್ಲವೇ ಇಲ್ಲ. ಡಿಎನ್ಎನೂ ಅದನ್ನೇ ಹೇಳ್ತು. ಇದು ಇಲಿಗಳ ಮಹಾ ಬಳಗದ್ದು, ಆ ಬಳಗದಿಂದ ಬಹಳ ಮುಂಚೆನೇ ಕವಲೊಡೆದು ಹೋದ ಒಂದು ಹಳೇ ಕೊಂಬೆ, ಇದರದ್ದೇ ಬೇರೆ ಕುಟುಂಬ. ಆ ಕುಟುಂಬದಲ್ಲಿ ಇದನ್ನ ಬಿಟ್ರೆ ಇನ್ನೊಂದೇ ಕುಲ ಉಳಿದಿರೋದು, ಅದು ಚೀನಾ, ವಿಯೆಟ್ನಾಂ ಕಾಡುಗಳ ಮರಇಲಿ, ಕಣ್ಣು ಬಹಳ ಮಂದ, ಬಾವಲಿ ಥರ ಶಬ್ದ ಮಾಡಿ ಪ್ರತಿಧ್ವನಿ ಕೇಳ್ಕೊಂಡು ಕತ್ತಲಲ್ಲಿ ಕೊಂಬೆ ಹಿಡಿಯುತ್ತೆ. ಇವೆರಡರ ಪೂರ್ವಜರ ಕಡೆಯೋರು ಒಂದು ಕಾಲದಲ್ಲಿ ಯುರೋಪಲ್ಲೂ ಇದ್ರು ಅಂತ ಪಳೆಯುಳಿಕೆ ಹೇಳುತ್ತೆ. ಎಲ್ಲೆಲ್ಲೋ ಇದ್ದ ಮನೆತನ, ಈಗ ಒಂದು ಕವಲು ನಮ್ಮ ಘಟ್ಟದಲ್ಲಿ ಮಾತ್ರ.

ನನ್ನ ಸೋದರಮಾವನದ್ದು ವಿರಾಜಪೇಟೆ ಕಡೆ ಕಾಫಿ ತೋಟ. ಚಿಕ್ಕವನಿದ್ದಾಗ ಒಂದು ರಾತ್ರಿ ಅವರ ಜೊತೆ ಟಾರ್ಚ್ ಹಿಡ್ಕೊಂಡು ಹೋಗ್ತಿದ್ದಾಗ, ಮೆಣಸಿನ ಬಳ್ಳಿ ಹಬ್ಬಿದ್ದ ಒಂದು ಹಳೇ ಮರದ ಮೇಲೆ ಏನೋ ಸರಸರ ಅಂತ ಹತ್ತಿ ಪೊಟರೆ ಒಳಗೆ ಹೋಯ್ತು. ನಾನು ಕಂಡಿದ್ದು ಬಾಲ ಮಾತ್ರ, ತುದೀಲಿ ಬೆಳ್ಳಗಿನ ಒಂದು ಕುಚ್ಚು. ಮಾವ ಅಂದ್ರು, ಮಗಾ, ಅದು ಅಳಿಲು, ಬಾ. ರಾತ್ರಿ ಹನ್ನೊಂದು ಗಂಟೆಗೆ ಯಾವ ಅಳಿಲು ಮಾವ ಅಂತ ಕೇಳಿದ್ದೆ. ಅವರು ಉತ್ತರ ಹೇಳಲಿಲ್ಲ, ಮರದ ಬುಡಕ್ಕೆ ಟಾರ್ಚ್ ಬಿಟ್ರು. ಅಲ್ಲಿ ಮೆಣಸಿನ ಕಾಳುಗಳ ಕೆಂಪು ಸಿಪ್ಪೆ ಚೆಲ್ಲಿತ್ತು. ನಾನು ಆವತ್ತಿಂದ ಅದನ್ನೇ ಹುಡುಕ್ತಾ ಬಂದೆ ಅಂದ್ರೂ ತಪ್ಪಲ್ಲ.

ಕಳಕ್ಕಾಡು ಮುಂಡಂತುರೈ ಕಾಡಲ್ಲಿ ವನ್ಯಜೀವಿ ವಿಜ್ಞಾನಿ ದಿವ್ಯಾ ಮುದ್ದಪ್ಪ ಮತ್ತೆ ಅವರ ಜೊತೆಯವರು ಇದರ ಮೇಲೆ ಅಧ್ಯಯನ ಮಾಡಿದ್ದಾರೆ. ಇದಕ್ಕೆ ಬೇಕಾಗಿರೋದು ಮಳೆಕಾಡು, ಒತ್ತಾದ ಮರಗಳು. ಪೊಟರೆ ಆಗೋಕೆ ಮರಕ್ಕೆ ವಯಸ್ಸಾಗಬೇಕು, ನೆಟ್ಟು ಹತ್ತಿಪ್ಪತ್ತು ವರ್ಷದಲ್ಲಿ ಪೊಟರೆ ಸಿಗಲ್ಲ. ಪ್ರಕೃತಿ ಉಳಿಸೋಕೆ ಇರೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಇದು ಅಪಾಯದ ಅಂಚಿನ ಪ್ರಾಣಿಗಳ ಸಾಲಲ್ಲಿದೆ. ಬೇಕರ್ ಕಾಲದಲ್ಲಿ ಒಂದು ಬೆಳಿಗ್ಗೆಗೆ ಹದಿನಾರು.

ಇಲ್ಲಿ ಕೂತಿರೋರಲ್ಲಿ ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆ ತೋಟ ಇರೋರು, ನೆಂಟರು ಇರೋರು ಇದ್ದೇ ಇರ್ತೀರ. ಮರಗಸಿ ಮಾಡಿಸೋವಾಗ ಪೊಟರೆ ಇರೋ ಹಳೇ ಮರನ ಟೊಳ್ಳಾಗಿದೆ ಅಂತ ಮೊದಲು ಕಡಿಸ್ತಾರೆ, ದಯವಿಟ್ಟು ಅದೊಂದನ್ನ ಬಿಡಿ. ಮೆಣಸು ಕೆಂಪಾಗೋ ಕಾಲದಲ್ಲಿ, ಜನವರಿ ಫೆಬ್ರವರಿ ರಾತ್ರಿ, ಬಳ್ಳಿ ಬುಡಕ್ಕೆ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಮೇಲಕ್ಕೆ ಬಿಡಿ. ಬಾಲದ ತುದಿ ಬಿಳಿ ಇದ್ರೆ, ಬೆನ್ನು ಬೆಳಕಿಗೆ ನುಣುಪಾಗಿ ಕಾಣದೆ ಒರಟೊರಟಾಗಿ ಮಿನುಗಿದ್ರೆ ಫೋಟೋ ತೆಗೀರಿ, ಎಷ್ಟೇ ಮಸುಕಾಗಿದ್ರೂ ಪರ್ವಾಗಿಲ್ಲ, ನನಗೆ ಕಳಿಸಿ. ಕಾಯಿ ಮತ್ತೆ ಲೆನ್ಸ್ ಹಿಂದಿನ ಬಾಗಿಲ ಹತ್ರ ಇರೋ ಟೇಬಲ್ ಮೇಲಿಡಿ, ಇನ್ನೂ ನೋಡದೇ ಇರೋರು ಹೋಗೋವಾಗ ಅಲ್ಲಿ ನೋಡ್ಕೊಂಡು ಹೋಗಿ.